ಹಳೆ ಅಡಿಕೆ, ಹೊಸ ಪದ್ಯ

ಹೋದ ಮಳೆಗಾಲ ಮುಗಿದ ಮೇಲೆ ಕಾಸರಗೋಡಿನ ನೀರ್ಚಾಲಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಕ್ಯಾಸೆಟ್ಟುಗಳು. ಚಿಕ್ಕಪ್ಪ ದುಬೈಯಿಂದ ಟೂ ಇನ್ ಒನ್ ತಂದ ವರ್ಷದಿಂದ ಶುರುವಾಗಿ ಸಿ.ಡಿ. ಬರುವವರೆಗೆ ಮನೆಯವರೆಲ್ಲ ಸೇರಿಸಿಟ್ಟದ್ದು. ಹೆಚ್ಚಿನವುಗಳ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ನಮ್ಮ ಊರಿನ ತೇವ ಗೊತ್ತಲ್ಲ, ಚಪ್ಪಲಿಯನ್ನೂ ಬಿಡುವುದಿಲ್ಲ.

ಚಿಕ್ಕಪ್ಪ, ಅಮ್ಮ, ನಾನು ಜಗಲಿಯಲ್ಲಿ ಕೂತು ಅವನ್ನು ಬಿಡಿಸಿದೆವು. ಯಕ್ಷಗಾನ, ಭಜನೆ ಎಲ್ಲ ಬೇರೆ ಇಟ್ಟ ಮೇಲೆ ಸಿನಿಮಾದ ಕ್ಯಾಸೆಟ್ಟು ಮೂವತ್ತು ಉಳಿಯಿತು. ಆಗೆಲ್ಲ ಒಂದು ಬದಿಗೆ ಒಂದು ಸಿನಿಮಾ, ಇನ್ನೊಂದು ಬದಿಗೆ ಇನ್ನೊಂದು. ಲೆಕ್ಕ ಹಾಕಿದರೆ ಸುಮಾರು ಮುನ್ನೂರು ಪದ್ಯ. (ನಮ್ಮ ಕಡೆ ಹಾಡಿಗೆ ಪದ್ಯ ಅಂತಲೇ ಹೇಳುವುದು, ಆಟದ್ದಾದರೂ, ಅಂದರೆ ಯಕ್ಷಗಾನದ್ದಾದರೂ, ಸಿನಿಮಾದ್ದಾದರೂ.) ಒಂದು ಪ್ರಯೋಗ ಮಾಡೋಣ ಅನ್ನಿಸಿತು. ಒಳಗಿನ ಕಾಗದದಲ್ಲಿದ್ದ ಮೊದಲ ಸಾಲು ಓದುತ್ತಾ ಹೋದೆ. ಮೂವರಲ್ಲಿ ಯಾರಾದರೂ ಒಬ್ಬರಿಗೆ ಅದರ ಧಾಟಿ ಗುನುಗಲು ಬಂದರೆ ಒಂದು ಗೆರೆ. ಸಂಜೆಗೆ ಎಣಿಸಿದಾಗ ನಲವತ್ತೆರಡು ಗೆರೆ ಇತ್ತು.

ಮುನ್ನೂರರಲ್ಲಿ ನಲವತ್ತೆರಡು. ಉಳಿದ ಇನ್ನೂರೈವತ್ತು ಚಿಲ್ಲರೆ ಪದ್ಯಗಳನ್ನು ನಾವೇ ದುಡ್ಡು ಕೊಟ್ಟು ತಂದಿದ್ದೆವು, ನಾವೇ ಕೇಳಿದ್ದೆವು. ಒಂದು ಸಾಲೂ ನೆನಪಿಲ್ಲ. ಆದರೆ ಇಷ್ಟು ವರ್ಷ "ನಮ್ಮ ಕಾಲದ ಪದ್ಯ ಎಂದರೆ ಪದ್ಯ" ಅಂತ ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ನಲವತ್ತೆರಡು ಮಾತ್ರ.

ಅಡಿಕೆ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಗಳದಲ್ಲಿ ಒಣಗಿದ ಅಡಿಕೆ ಸುಲಿದಾಗ ಒಳ್ಳೆಯ ಚಾಲಿ, ಕೆಳಗಿನ ದರ್ಜೆಯ ಪಟೋರ, ಉಳ್ಳಿ, ಕರಿಗೋಟು ಎಲ್ಲ ಒಟ್ಟಿಗೇ ಬೀಳುತ್ತದೆ. ಕೂತು ಆರಿಸಬೇಕು. ಆರಿಸಿದ ಒಳ್ಳೆಯದನ್ನು ಗೋಣಿಯಲ್ಲಿ ಕಟ್ಟಿ ವರ್ಷ ಇಟ್ಟರೆ ಅದು ಹಳೆ ಅಡಿಕೆ. ಅದಕ್ಕೆ ರೇಟೂ ಜಾಸ್ತಿ. ಈಗ ಆ ಗೋಣಿಯ ಪಕ್ಕದಲ್ಲಿ ಈ ವರ್ಷದ ಅಡಿಕೆಯನ್ನು ಆರಿಸದೆ ಸುರಿದು, "ನೋಡಿ, ಅಡಿಕೆಯೇ ಹಾಳಾಗಿ ಹೋಗಿದೆ" ಅಂದರೆ ಯಾರು ಒಪ್ಪುತ್ತಾರೆ? ಪದ್ಯದ ವಿಷಯಕ್ಕೆ ಬಂದಾಗ ನಾವೆಲ್ಲ ಮಾಡುವುದು ಇದನ್ನೇ. ಹಳೆಯದರಲ್ಲಿ ಆರಿಸಿ ಉಳಿದದ್ದು ಒಂದು ಕಡೆ, ಹೊಸದರಲ್ಲಿ ಬಂದದ್ದೆಲ್ಲ ಇನ್ನೊಂದು ಕಡೆ.

ಆ ಹಳೆ ಅಡಿಕೆಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು, ಆಗ ಅದಕ್ಕೂ ಬೈಗುಳ ಸಿಕ್ಕಿತ್ತು. 1950ರ ದಶಕದ ಹಿಂದಿ ಸಿನಿಮಾ ಹಾಡುಗಳಿಗೆ ಈಗ ಚಿನ್ನದ ಕಾಲದ ಹಾಡು ಅಂತ ಹೆಸರು. ಅದೇ ಹಾಡುಗಳನ್ನು 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಹೆಚ್ಚುಕಮ್ಮಿ ಹೊರಗೇ ಇಟ್ಟರು. ಜನರ ರುಚಿ ಕೆಡುತ್ತದೆ ಎನ್ನುವುದು ಕಾರಣ. ಜನ ಸುಮ್ನೆ ಕೂರಲಿಲ್ಲ, ರೇಡಿಯೋದ ಮುಳ್ಳನ್ನು ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರದಲ್ಲಿ ಆಕಾಶವಾಣಿಯೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಿತು. ಹಾರ್ಮೋನಿಯಂ ಕಥೆಯೂ ಹೀಗೆಯೇ. ಅದರಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ಬರುವುದಿಲ್ಲ, ನಮ್ಮ ಸಂಗೀತ ಕೆಡುತ್ತದೆ ಅಂತ 1940ರಲ್ಲಿ ರೇಡಿಯೋದಿಂದ ಹೊರಗೆ ಹಾಕಿದ್ದನ್ನು ಮತ್ತೆ ಒಳಗೆ ಬಿಡಲು ಮೂರು ದಶಕ ಹಿಡಿಯಿತು. ಇನ್ನೂ ಹಿಂದಕ್ಕೆ ಹೋದರೆ, ಸುಮಾರು 2,400 ವರ್ಷ ಹಿಂದೆ ಗ್ರೀಸಿನ ಪ್ಲೇಟೋ ಸಂಗೀತದಲ್ಲಿ ಹೊಸತು ತರುವುದು ಊರಿಗೇ ಅಪಾಯ ಅಂತ ಬರೆದಿದ್ದ.

ಹಾಗಾದರೆ ಏನೂ ಬದಲಾಗಲೇ ಇಲ್ಲವಾ? ಆಗಿದೆ. ಕೆಲವರು ಕೂತು ಅಳೆದೂ ನೋಡಿದ್ದಾರೆ.

2012ರಲ್ಲಿ ಸ್ಪೇನಿನ ಬಾರ್ಸಿಲೋನಾದ ಜೊವಾನ್ ಸೆರ್ರಾ ಮತ್ತು ಸಂಗಡಿಗರು 1955ರಿಂದ 2010ರವರೆಗಿನ 4,64,411 ಪಾಶ್ಚಾತ್ಯ ಹಾಡುಗಳನ್ನು ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿದರು. ಮೂರು ವಿಷಯ ಕಂಡಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಕಮ್ಮಿಯಾಗುತ್ತಾ ಬಂದಿವೆ. ವಾದ್ಯ ಮತ್ತು ದನಿಗಳ ಬಣ್ಣ ಒಂದೇ ತರ ಆಗುತ್ತಿದೆ. ಹಾಡುಗಳ ಜೋರು ಏರುತ್ತಲೇ ಹೋಗಿದೆ. ಪತ್ರಿಕೆಗಳಿಗೆ ಇಷ್ಟು ಸಾಕಿತ್ತು. "ಹೊಸ ಹಾಡು ಕೆಟ್ಟದು, ವಿಜ್ಞಾನವೇ ಹೇಳಿತು" ಅಂತ ಸುದ್ದಿ ಊರೆಲ್ಲ ಓಡಿತು.

ಮೂರು ವರ್ಷ ಕಳೆದು ಲಂಡನ್ನಿನಲ್ಲಿ ಮಾಥಿಯಾಸ್ ಮೌಖ್ ಮತ್ತು ಸಂಗಡಿಗರು ಬೇರೆ ರೀತಿಯಲ್ಲಿ ಅಳೆದರು. ಅಮೆರಿಕದಲ್ಲಿ 1960ರಿಂದ 2010ರವರೆಗೆ ಜನ ಮೆಚ್ಚಿದ ಹಾಡುಗಳ ಪಟ್ಟಿಯಿಂದ ಸುಮಾರು 17,000 ಹಾಡು. ಇವರಿಗೆ ಹಾಡುಗಳು ವರ್ಷದಿಂದ ವರ್ಷಕ್ಕೆ ಒಂದೇ ತರ ಆಗುತ್ತಾ ಹೋದದ್ದು ಕಾಣಲೇ ಇಲ್ಲ. 1964, 1983, 1991ರಲ್ಲಿ ದೊಡ್ಡ ತಿರುವುಗಳು ಕಂಡವು. ನಡುವೆ 1980ರ ದಶಕದ ಮಧ್ಯದಲ್ಲಿ ವೈವಿಧ್ಯ ತಗ್ಗಿತ್ತು. ಸಿಂಥಸೈಸರ್, ಡ್ರಮ್ ಮೆಷಿನ್ ಎಲ್ಲರ ಕೈಗೂ ಬಂದ ಕಾಲ ಅದು. ಆಮೇಲೆ ವೈವಿಧ್ಯ ಮತ್ತೆ ಏರಿತು. ನನ್ನ ಹದಿಹರೆಯ ಸರಿಯಾಗಿ ಆ ತಗ್ಗಿನ ಹೊತ್ತಿನದ್ದು. ನಾನು ಎದೆ ತಟ್ಟಿ ಹೊಗಳುವ ಕಾಲ ಅದೇ.

ಈ ಎರಡೂ ಲೆಕ್ಕ ಪಶ್ಚಿಮದ ಹಾಡುಗಳದ್ದು. ಅವನ್ನು ತಂದು ನಮ್ಮ ಹಾಡಿಗೆ ಹಾಗೆಯೇ ಅಂಟಿಸುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಸೆರ್ರಾ ಅವರ ಲೆಕ್ಕ ಸಪ್ತಕವನ್ನು ಹನ್ನೆರಡು ಮನೆಗಳಾಗಿ ಭಾಗ ಮಾಡಿ ಯಾವ ಮನೆಯಲ್ಲಿ ಸ್ವರ ಇದೆ ಅಂತ ನೋಡುವಂಥದ್ದು. ತೋಡಿ ರಾಗದ ಗಾಂಧಾರ ಸ್ವರ ಒಂದು ಮನೆಯಲ್ಲಿ ಎಲ್ಲಿ ಕೂರುತ್ತದೆ? ಅದು ತೂಗುತ್ತಲೇ ಇರುತ್ತದೆ. ಆ ತೂಗಾಟವೇ ಅಲ್ವಾ ತೋಡಿ.

ಜೋರಿನ ಮಾತು ಬೇರೆ. ಅದು ಎಲ್ಲ ಕಡೆಗೂ ಸಲ್ಲುತ್ತದೆ. ನನಗೆ ನಿಜವಾದ ನಷ್ಟ ಕಾಣುವುದೂ ಅಲ್ಲಿಯೇ.

ಇದು ನನಗೆ ಹೊಳೆದದ್ದು ಕುಂಬಳೆ ಹತ್ತಿರ ಒಂದು ಗದ್ದೆಯಲ್ಲಿ ಆಟ ನೋಡಿದ ಮರುದಿನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಆಟಕ್ಕೆ ಜನ ಇನ್ನೂ ಸೇರುತ್ತಾರೆ. ರಾತ್ರಿ ಒಂದು ಗಂಟೆ ಹೊತ್ತಿಗೆ ಭಾಗವತರು ತಗ್ಗಿದ ದನಿಯಲ್ಲಿ ಒಂದು ಪದ್ಯ ಎತ್ತಿಕೊಂಡರು. ಶ್ರುತಿ ಬಿಟ್ಟರೆ ಬೇರೆ ಶಬ್ದ ಇಲ್ಲ. ಮದ್ದಳೆ ಮೆಲ್ಲಗೆ ಸೇರಿತು. ಪಕ್ಕದವರು ಚಾಪೆಯಲ್ಲಿ ಮಗ್ಗುಲು ಬದಲಿಸಿದ್ದೂ ಕೇಳುತ್ತಿತ್ತು. ಆಮೇಲೆ ವೇಷ ರಂಗಕ್ಕೆ ಹಾರಿತು, ಚೆಂಡೆ ಬಿತ್ತು. ಎದೆಯೊಳಗೆ ಬಡಿದ ಹಾಗೆ! ಮಲಗಿದ್ದ ಮಕ್ಕಳೆಲ್ಲ ಎದ್ದು ಕೂತರು.

ಒಂಬತ್ತನೇ ಕ್ಲಾಸಿನ ಮಗಳು ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಬೆಳಗ್ಗೆ ಹಾಕಿ ನೋಡಿದಳು. ಭಾಗವತರ ತಗ್ಗು ದನಿ ದೊಡ್ಡದಾಗಿಯೇ ಕೇಳುತ್ತದೆ, ಜೊತೆಗೆ ಜನರ ಗುಜುಗುಜು, ಜನರೇಟರಿನ ಸದ್ದು. ಚೆಂಡೆ ಬಿದ್ದ ಕೂಡಲೇ ಭಾಗವತರ ದನಿ ಬಾವಿಗೆ ಇಳಿದ ಹಾಗೆ ಒಳಗೆ ಹೋಗುತ್ತದೆ. ಚೆಂಡೆಯೂ ಡಬ್ಬ ಬಡಿದ ಹಾಗೆ. "ಅಪ್ಪಾ, ನಿನ್ನೆ ಚೆಂಡೆ ಹೀಗೆ ಇರಲಿಲ್ಲ, ಅಲ್ವಾ?" ಅಂದಳು.

ಇರಲಿಲ್ಲ. ಫೋನಿನ ಒಳಗೆ ಒಂದು ಕೈ ಕೂತಿರುತ್ತದೆ ಅಂದುಕೊಳ್ಳಿ. ಶಬ್ದ ತಗ್ಗಿದರೆ ಅದು ಮೇಲಕ್ಕೆ ಎತ್ತುತ್ತದೆ, ಏರಿದರೆ ಕೆಳಕ್ಕೆ ಒತ್ತುತ್ತದೆ. ಎಲ್ಲವೂ ಒಂದೇ ಎತ್ತರದಲ್ಲಿ ಇರಬೇಕು, ಅಷ್ಟೇ ಅದರ ಕೆಲಸ. ಸ್ಟುಡಿಯೋದಲ್ಲಿ ಇದೇ ಕೆಲಸವನ್ನು ಬಹಳ ಜಾಣ್ಮೆಯಿಂದ ಮಾಡುವ ಸಾಧನಕ್ಕೆ ಕಂಪ್ರೆಸರ್ ಅಂತ ಹೆಸರು. ಹದವಾಗಿ ಬಳಸಿದರೆ ಅದು ಒಳ್ಳೆಯದೇ. ಗಾಯಕರ ಒಂದೊಂದು ಉಸಿರೂ ಚಂದ ಕೇಳುತ್ತದೆ. ಹದ ತಪ್ಪಿದ್ದು ಆಮೇಲೆ.

ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಜೋರಿಗೆ ಒಂದು ಮಿತಿ ಇತ್ತು. ಶಬ್ದ ಜೋರಾದಷ್ಟೂ ಗೀರು ಅಗಲ. ಅಗಲವಾದರೆ ತಟ್ಟೆಯಲ್ಲಿ ಹಿಡಿಸುವ ಸಮಯ ಕಮ್ಮಿ. ಇನ್ನೂ ಜೋರು ಮಾಡಿದರೆ ಮುಳ್ಳೇ ಗೀರು ಬಿಟ್ಟು ಹಾರುತ್ತದೆ. 1982ರಲ್ಲಿ ಸಿ.ಡಿ. ಬಂತು. ಅದಕ್ಕೆ ಮುಳ್ಳೂ ಇಲ್ಲ, ಗೀರೂ ಇಲ್ಲ. ಅತಿ ಮೆಲ್ಲನೆಯದರಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ಅಂತರ ಅದರಲ್ಲಿ ಹಿಡಿಸುತ್ತದೆ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರು. 96 ಅಂದರೆ ಎಷ್ಟು ದೊಡ್ಡ ಬಯಲು ಅಂತ ಯೋಚಿಸಿ. ಇಡೀ ಆಟವನ್ನೇ ಅದರೊಳಗೆ ಇಡಬಹುದಿತ್ತು.

ಆದರೆ ಆ ಬಯಲನ್ನು ಬಳಸಲೇ ಇಲ್ಲ. ಒಂದೇ ಪದ್ಯವನ್ನು ಸ್ವಲ್ಪ ಮೆಲ್ಲಗೆ ಒಮ್ಮೆ, ಸ್ವಲ್ಪ ಜೋರಾಗಿ ಒಮ್ಮೆ ಕೇಳಿಸಿದರೆ ಹೆಚ್ಚಿನವರಿಗೆ ಜೋರಿನದ್ದೇ ಚಂದ ಅನ್ನಿಸುತ್ತದೆ. ಪಕ್ಕದ ಹಾಡಿಗಿಂತ ನಮ್ಮದು ಒಂಚೂರು ಜೋರಿರಲಿ ಅಂತ ಪೈಪೋಟಿ ಶುರುವಾಯಿತು. ಡಿಜಿಟಲ್ ಶಬ್ದಕ್ಕೆ ಮೇಲೊಂದು ಮಾಡು (ಛಾವಣಿ) ಇದೆ, ಅದನ್ನು ದಾಟಲು ಆಗುವುದಿಲ್ಲ. ಮಾಡು ಎತ್ತರಿಸಲು ಬಾರದೆ ಇದ್ದಾಗ ನೆಲವನ್ನು ಎತ್ತರಿಸಿದರು. ಮೆಲ್ಲನೆಯ ಜಾಗಗಳನ್ನೆಲ್ಲ ಮೇಲಕ್ಕೆ ತಳ್ಳಿದರು. 1990ರ ದಶಕದ ನಂತರದ ಎಷ್ಟೋ ಹಾಡುಗಳನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ನೋಡಿದರೆ ಗುಡ್ಡ, ಕಣಿವೆ ಕಾಣುವುದಿಲ್ಲ. ಕೆಂಪು ಕಲ್ಲಿನ ಗೋಡೆ ಕಟ್ಟಿದ ಹಾಗೆ ಇರುತ್ತದೆ.

ಬಸ್ಸಿನಲ್ಲಿ ಇದರಿಂದ ಉಪಯೋಗ ಇದೆ. ಕಾಸರಗೋಡಿನಿಂದ ಬದಿಯಡ್ಕಕ್ಕೆ ಬರುವ ಬಸ್ಸಿನ ಇಂಜಿನ್ ಸದ್ದಿನ ನಡುವೆ ಏರಿಳಿತ ಇರುವ ಪದ್ಯ ಹಾಕಿದರೆ ಅರ್ಧ ಕೇಳುವುದೇ ಇಲ್ಲ. ಮಿಕ್ಸಿ ತಿರುಗುವ ಅಡುಗೆಮನೆಯಲ್ಲಿಯೂ ಅಷ್ಟೇ. ಆದರೆ ಮನೆಗೆ ಬಂದು, ಕಣ್ಣು ಮುಚ್ಚಿ ಕೂತು ಕೇಳುವಾಗಲೂ ನಮಗೆ ಸಿಗುವುದು ಆ ಬಸ್ಸಿನ ಪದ್ಯವೇ. ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ. ಹಿರಿಯರು "ಬರೀ ಬೊಬ್ಬೆ" ಅನ್ನುವಾಗ ಅವರ ಕಿವಿ ಸುಳ್ಳು ಹೇಳುತ್ತಿಲ್ಲ. ದೂರು ಸರಿ ಇದೆ. ಸಲ್ಲಬೇಕಾದದ್ದು ಪದ್ಯ ಕಟ್ಟಿದವರಿಗಲ್ಲ, ಕೊನೆಯಲ್ಲಿ ಅದನ್ನು ಒತ್ತಿ ಒತ್ತಿ ಚಪ್ಪಟೆ ಮಾಡಿದ ಪೈಪೋಟಿಗೆ. ಈಗೀಗ ಯೂಟ್ಯೂಬ್, ಸ್ಪಾಟಿಫೈಗಳು ಅತಿ ಜೋರಿನ ಹಾಡನ್ನು ತಾವೇ ತಗ್ಗಿಸಿ ಕೇಳಿಸುತ್ತವೆ. ಹಾಗಾಗಿ ಆ ಓಟದಲ್ಲಿ ಗೆದ್ದವರಿಗೂ ಮೊದಲಿನ ಲಾಭ ಇಲ್ಲ. ಇದು ನನಗೆ ತುಂಬ ಸಂತೋಷದ ಸುದ್ದಿ.

ಸಾಧನಕ್ಕೆ ತಕ್ಕ ಹಾಗೆ ಹಾಡು ಬದಲಾಗುವುದು ಹೊಸತಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಹಾಡು ಇಷ್ಟೇ ಉದ್ದ ಇರಬೇಕು ಅಂತ ನಮಗೆ ಅಭ್ಯಾಸ ಆದದ್ದು ಅಲ್ಲಿಂದ. ಈಗ ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮತ್ತೆ ಯಾರು ಒಂದು ನಿಮಿಷ ವಯೊಲಿನ್ ನುಡಿಸಿ ಪಲ್ಲವಿಗೆ ಬರುತ್ತಾರೆ? ಮೈಕ್ ಬರುವ ಮೊದಲು ಭಾಗವತರು ಅಷ್ಟು ಏರು ಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೂ ಕಾರಣ ಇತ್ತು. ಮನುಷ್ಯನ ಕಿವಿ ತುಂಬ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ದನಿ ಏರಿಸಿ, ಬಿಗಿದು ಹಾಡಿದಾಗ ಆ ಭಾಗದಲ್ಲಿ ಶಕ್ತಿ ಜಾಸ್ತಿ ಸೇರುತ್ತದೆ. ಚೆಂಡೆಯ ಮೇಲಿನಿಂದ ಹಾರಿ ಗದ್ದೆಯ ಆಚೆ ಬದಿಗೆ ಮುಟ್ಟಲು ಅಂಥ ದನಿ ಬೇಕಿತ್ತು. ಮೈಕ್ ಬಂದು ಆಟದ ಪದ್ಯ ಹಾಳಾಯಿತು, ಎಲ್ಲರೂ ರಾಗ ಎಳೆಯಲು ಶುರು ಮಾಡಿದರು ಅಂತ ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು. ನನಗೆ ಆ ತಗ್ಗು ದನಿಯ ಪದ್ಯಗಳೇ ಪ್ರಾಣ. ನಾನು ಬೆಳೆದದ್ದು ಅದನ್ನು ಕೇಳಿ.

ಬೆಳೆಯುವಾಗ ಏನು ಕೇಳಿದೆವು ಅನ್ನುವುದು ಇಷ್ಟು ಮುಖ್ಯ ಯಾಕೆ? 1989ರಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿದರು. ಜನರಿಗೆ ಅತಿ ಹೆಚ್ಚು ಇಷ್ಟವಾದದ್ದು ತಮಗೆ ಸುಮಾರು ಇಪ್ಪತ್ತಮೂರು, ಇಪ್ಪತ್ತನಾಲ್ಕು ವರ್ಷ ಆಗಿದ್ದಾಗ ಬಂದ ಹಾಡುಗಳು. ಹಾಡು ಮೈ ಜುಂ ಅನ್ನಿಸುವಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಅಂತ 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ತೋರಿಸಿದರು. ಅದರಲ್ಲಿ ಒಂದು ಸೊಗಸು ಇದೆ. ಆ ಜಾಗ ಬಂದಾಗ ಮಾತ್ರವಲ್ಲ, "ಈಗ ಬರುತ್ತದೆ, ಈಗ ಬರುತ್ತದೆ" ಅಂತ ಕಾಯುವಾಗಲೂ ಡೋಪಮಿನ್ ಬರುತ್ತದೆ. ಕಾಯಬೇಕಾದರೆ ಪದ್ಯ ಮೊದಲೇ ಗೊತ್ತಿರಬೇಕು. ಹೊಸ ಪದ್ಯವನ್ನು ಒಂದು ಸಲ ಬಸ್ಸಿನಲ್ಲಿ ಕೇಳಿದವರಿಗೆ ಅಂಥ ಕಾಯುವಿಕೆ ಎಲ್ಲಿಂದ?

2013ರಲ್ಲಿ ಕ್ರುಮ್‌ಹ್ಯಾನ್ಸ್ಲ್ ಮತ್ತು ಝುಪ್ನಿಕ್ ಮಾಡಿದ ಅಧ್ಯಯನ ನನಗೆ ಇನ್ನೂ ಇಷ್ಟ. ಇಪ್ಪತ್ತರ ಆಸುಪಾಸಿನ ಕಾಲೇಜು ಮಕ್ಕಳಿಗೆ ಹಳೆಯ ಹಾಡು ಕೇಳಿಸಿದಾಗ, ಅವರ ಅಪ್ಪ ಅಮ್ಮನ ಯೌವನದ ಹಾಡುಗಳ ಬಗ್ಗೆಯೂ ಆ ಮಕ್ಕಳಿಗೆ ನೆನಪು, ಪ್ರೀತಿ ಎರಡೂ ಜಾಸ್ತಿ ಕಂಡಿತು. ತಾವು ಹುಟ್ಟುವ ಮೊದಲಿನ ಹಾಡುಗಳು! ಮನೆಯಲ್ಲಿ ಕೇಳಿ ಕೇಳಿ ಬಂದದ್ದು.

ನಮ್ಮ ಮನೆಯಲ್ಲಿ ಆದದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಆ ದಿನ ಜಗಲಿಯಲ್ಲಿ ಗೆರೆ ಬೀಳದ ಕ್ಯಾಸೆಟ್ಟುಗಳನ್ನು ಬಿಸಾಡಲು ಗೋಣಿಗೆ ತುಂಬುವಾಗ ಮಗಳು ಒಂದನ್ನು ಕೈಗೆತ್ತಿಕೊಂಡಳು. ಕಾಗದದಲ್ಲಿದ್ದ ಸಾಲನ್ನು ಫೋನಿನಲ್ಲಿ ಹುಡುಕಿದಳು. ಸಿಕ್ಕಿತು. ಯಾರೋ ಪುಣ್ಯಾತ್ಮರು ಹಾಕಿಟ್ಟಿದ್ದರು. ನಡುವೆ ಒಂದು ಕಡೆ ಹಾಡು ಪೂರ್ತಿ ನಿಂತು, ಕೊಳಲು ಒಂದೇ ಉಳಿದು, ಮತ್ತೆ ಶುರುವಾಗುತ್ತದೆ. ಚಿಕ್ಕಪ್ಪ, "ಇದು ನಮ್ಮಲ್ಲಿ ಇತ್ತಾ?" ಅಂತ ಕೇಳಿದರು. ಅಮ್ಮನಿಗೂ ನೆನಪಿಲ್ಲ. ನಾನು ಮೊದಲ ಸಲ ಕೇಳಿದ ಹಾಗೆಯೇ ಕೇಳಿದೆ.

ಅವಳು ಆ ಕೊಳಲಿನ ಜಾಗ ಬರುವ ಮೊದಲೇ ಬೆರಳು ಎತ್ತಿ ಹಿಡಿಯುತ್ತಾಳೆ ಈಗ. ದಿನಕ್ಕೆ ನಾಲ್ಕು ಸಲವಾದರೂ ಹಾಕುತ್ತಾಳೆ, ನಡುವೆ ಹೊಸ ಮಲಯಾಳಂ ಪದ್ಯಗಳು. ಅಮ್ಮ ಅಡುಗೆಮನೆಯಿಂದ ಎರಡನ್ನೂ ಗುನುಗುತ್ತಾರೆ.