ಟೈಮ್ ಮಷೀನು ಹೇಗೆ ಓಡುತ್ತೆ ಅಂತ ಸಿನಿಮಾ ಹೇಳಲೇಬೇಕಾ?

ಓದುಗರ ಪ್ರಶ್ನೆ: "ಸೈನ್ಸ್ ಫಿಕ್ಷನ್ ಸಿನಿಮಾಗಳಲ್ಲಿ ಏನೇನೋ ಮಷೀನು ತೋರಿಸ್ತಾರೆ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಮಾತ್ರ ಹೇಳಲ್ಲ. ಲಾಜಿಕ್ಕೇ ಇಲ್ಲ ಅಲ್ವಾ ಸರ್?"

ಹಾಸನದಲ್ಲಿ ಯಾವ ಕಾಲೇಜಿಗೆ ಮಾತಾಡಲು ಹೋದರೂ ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ. ಮಷೀನು ಹೇಗೆ ಓಡುತ್ತದೆ ಅಂತ ಸಿನಿಮಾ ಹೇಳಬೇಕಾಗಿಲ್ಲ. ಅದರಿಂದ ಏನಾಗುತ್ತೆ, ಏನಾಗಲ್ಲ, ಬಳಸಿದವರು ಏನು ಕಳೆದುಕೊಳ್ಳುತ್ತಾರೆ ಅನ್ನುವುದನ್ನು ಹೇಳಲೇಬೇಕು.

ಆದರೂ ಒಂದು ನಂಬಿಕೆ ಜನರನ್ನು ಬಿಡುವುದಿಲ್ಲ. ವಿವರಣೆ ಜಾಸ್ತಿ ಇದ್ದಷ್ಟೂ ಸಿನಿಮಾದಲ್ಲಿ ವಿಜ್ಞಾನ ಜಾಸ್ತಿ ಅಂತ. ಇದು ತಪ್ಪು. ಇಲ್ಲದ ಮಷೀನಿಗೆ ಕೊಡುವ ವಿವರಣೆಯೂ ಕಟ್ಟಿದ್ದೇ. 'ಕ್ವಾಂಟಮ್' ಅಂತ ನಾಲ್ಕು ಸಲ ಹೇಳಿದರೆ ಭೌತಶಾಸ್ತ್ರ ಆಗುವುದಿಲ್ಲ.

'ಬ್ಯಾಕ್ ಟು ದ ಫ್ಯೂಚರ್' (1985) ನೆನಪಿಸಿಕೊಳ್ಳಿ. ಕಾರಿನೊಳಗೆ 'ಫ್ಲಕ್ಸ್ ಕೆಪಾಸಿಟರ್' ಅನ್ನುವ ಡಬ್ಬ ಇದೆ. ಕಾಲದಲ್ಲಿ ಹಿಂದೆ ಮುಂದೆ ಹೋಗಲು ಆಗುವುದು ಅದರಿಂದಲೇ ಅನ್ನುತ್ತಾರೆ. ವಿವರಣೆ ಅಷ್ಟೇ. ಆದರೆ ನಿಯಮಗಳು ಗಟ್ಟಿ: ಕಾರು ಗಂಟೆಗೆ 88 ಮೈಲಿ ವೇಗ ಮುಟ್ಟಬೇಕು, 1.21 ಗಿಗಾವ್ಯಾಟ್ ಕರೆಂಟು ಬೇಕು. ನಾಯಕ ಹೋಗಿ ಸಿಕ್ಕಿಕೊಂಡ 1955ರಲ್ಲಿ ಅಷ್ಟು ಕರೆಂಟು ಸಿಡಿಲಿನಿಂದ ಮಾತ್ರ ಸಿಗುತ್ತೆ. ಆ ಸಿಡಿಲು ಗಡಿಯಾರದ ಗೋಪುರಕ್ಕೆ ಬಡಿಯುವುದು ರಾತ್ರಿ 10 ಗಂಟೆ 4 ನಿಮಿಷಕ್ಕೆ. ಕೊನೆಯ ದೃಶ್ಯದಲ್ಲಿ ನಾವು ಸೀಟಿನ ತುದಿಗೆ ಬರುವುದು ಈ ನಿಯಮಗಳಿಂದ. ಡಬ್ಬದೊಳಗೆ ಏನಿದೆ ಅಂತ ಆಗ ಯಾರಿಗೂ ನೆನಪಾಗುವುದಿಲ್ಲ.

ಉಲ್ಟಾ ಉದಾಹರಣೆಯೂ ಇದೆ. 1977ರ 'ಸ್ಟಾರ್ ವಾರ್ಸ್' ಸಿನಿಮಾದಲ್ಲಿ 'ಫೋರ್ಸ್' ಅಂದರೆ ಎಲ್ಲ ಜೀವಿಗಳನ್ನೂ ಸುತ್ತಿರುವ ಒಂದು ಶಕ್ತಿ, ಅಷ್ಟೇ. ಜನ ಒಪ್ಪಿಕೊಂಡರು. 1999ರಲ್ಲಿ ಬಂದ ಭಾಗದಲ್ಲಿ ಒಬ್ಬ ಹುಡುಗನಲ್ಲಿ ಫೋರ್ಸ್ ಎಷ್ಟಿದೆ ಅಂತ ತಿಳಿಯಲು ಅವನ ರಕ್ತ ಪರೀಕ್ಷೆ ಮಾಡಿ, ಅದರಲ್ಲಿರುವ ಸೂಕ್ಷ್ಮಜೀವಿಗಳ ಲೆಕ್ಕ ಹೇಳಿದರು. ಹಳೆಯ ಅಭಿಮಾನಿಗಳೇ ಸಿಟ್ಟಾದರು. ವಿವರಣೆ ಬಂತು, ವಿಜ್ಞಾನ ಒಂದು ಚೂರೂ ಹೆಚ್ಚಲಿಲ್ಲ.

ನಿಜವಾದ ವಿಜ್ಞಾನ ಎಷ್ಟೋ ಸಲ ಬಾಯಿಬಿಡದೆ ಬರುತ್ತದೆ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಒಬ್ಬ ಗಗನಯಾತ್ರಿ ಚಕ್ರದಂಥ ಕೋಣೆಯ ಒಳಸುತ್ತಿನಲ್ಲಿ ಜಾಗಿಂಗ್ ಮಾಡುತ್ತಾನೆ. ಚಕ್ರ ತಿರುಗುವುದರಿಂದ ಅವನ ಕಾಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಯಾರೂ ಪಾಠ ಮಾಡುವುದಿಲ್ಲ. ಆ ದೃಶ್ಯಕ್ಕಾಗಿ ಸುಮಾರು 30 ಟನ್ ತೂಕದ, ನಿಜವಾಗಿ ತಿರುಗುವ ಸೆಟ್ಟನ್ನೇ ಕಟ್ಟಿದ್ದರು. ಒಂದು ಮಾತಿಲ್ಲದೆ ಭೌತಶಾಸ್ತ್ರ ಹೇಳಿದ ಈ ದೃಶ್ಯವನ್ನು ಮಕ್ಕಳಿಗೆ ತೋರಿಸುವುದು ನನಗೆ ಬಹಳ ಖುಷಿ.

ಜನ ದಿನಾ ಬಳಸುವ ಸಾಮಾನಿನ ಬಗ್ಗೆ ಹೇಗೆ ಮಾತಾಡುತ್ತಾರೆ ನೋಡಿ. ಸಕಲೇಶಪುರದ ಕಾಫಿ ತೋಟದಲ್ಲಿ ಪಲ್ಪರ್ ಶುರು ಮಾಡುವಾಗ, ಅದು ಹಣ್ಣಿನ ಸಿಪ್ಪೆ ಹೇಗೆ ಬಿಡಿಸುತ್ತೆ ಅಂತ ಸಾಹುಕಾರರು ರೈಟರಿಗೆ, ಅಂದರೆ ತೋಟದ ಕೆಲಸ ನೋಡಿಕೊಳ್ಳುವವನಿಗೆ, ವಿವರಿಸುತ್ತಾರಾ? "ಹಣ್ಣಿನ ಜತೆ ಕಲ್ಲು ಹೋಗದ ಹಾಗೆ ನೋಡ್ಕೊಳ್ರಿ" ಅನ್ನುತ್ತಾರೆ, ಅಷ್ಟೇ. "ನಿಮಗೆ ಗೊತ್ತಿರೋ ಹಾಗೆ ಡಾಕ್ಟರ್..." ಅಂತ ಇಬ್ಬರು ವಿಜ್ಞಾನಿಗಳು ಗೊತ್ತಿದ್ದನ್ನೇ ಮಾತಾಡಿಕೊಂಡರೆ, ಅದು ನಮಗೆ ಹೇಳಿಸಿದ ಪಾಠ ಅಂತ ಕೂಡಲೇ ತಿಳಿಯುತ್ತದೆ.

ಕತೆ ಒಂದು ವಿಷಯದ ಮೇಲೇ ನಿಂತಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. 'ಇಂಟರ್‌ಸ್ಟೆಲ್ಲಾರ್' (2014) ಸಿನಿಮಾದ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ಅದು ಗೊತ್ತಿಲ್ಲದಿದ್ದರೆ ಮಕ್ಕಳನ್ನು ಭೂಮಿಯಲ್ಲಿ ಬಿಟ್ಟು ಬಂದ ಅಪ್ಪನ ಸಂಕಟ ನಮಗೆ ತಟ್ಟುವುದೇ ಇಲ್ಲ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಬೇಕು, ಅದು ನಮ್ಮೂರಿಗೇ ಸೇರಿದ್ದು. ಸಿನಿಮಾಗಳಲ್ಲಿ ಮಂಗಳ ಗ್ರಹದಲ್ಲಿರುವವನ ಜತೆ ಫೋನಿನಲ್ಲಿ ಮಾತಾಡಿದ ಹಾಗೆ ಹರಟುತ್ತಾರಲ್ಲ, ನಿಜವಾಗಿ ಲಾಜಿಕ್ ತಪ್ಪುವುದು ಅಲ್ಲಿ. ರೇಡಿಯೊ ಅಲೆಗೂ ದಾರಿ ಸವೆಸಲು ಸಮಯ ಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ಡಿಶ್ಶುಗಳು ಮಾತಾಡುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ಸಿಗ್ನಲ್ ಹೋಗಿಬರಲು ಹೆಚ್ಚುಕಮ್ಮಿ ಕಾಲು ಸೆಕೆಂಡ್. ಮಂಗಳಕ್ಕಾದರೆ ಒಂದು ಕಡೆಗೇ 3ರಿಂದ 22 ನಿಮಿಷ. 1968ರ ಆ ಸಿನಿಮಾ ಇದನ್ನೂ ಮರೆಯಲಿಲ್ಲ. ನೌಕೆ 8 ಕೋಟಿ ಮೈಲಿ ದೂರದಲ್ಲಿದೆ, ನಮ್ಮ ಮಾತು ತಲುಪಲು 7 ನಿಮಿಷ ಬೇಕಾಯಿತು, ಆ ಕಾಯುವಿಕೆಯನ್ನು ಕತ್ತರಿಸಿದ್ದೇವೆ ಅಂತ ಟಿವಿ ಸಂದರ್ಶಕ ಹೇಳಿಬಿಡುತ್ತಾನೆ. 8 ಕೋಟಿ ಮೈಲಿಯನ್ನು ಬೆಳಕಿನ ವೇಗದಿಂದ ಭಾಗಿಸಿ ನೋಡಿ, 7 ನಿಮಿಷವೇ ಬರುತ್ತದೆ.