ಭತ್ತದ ಸುಂಕು, ಒಂದು ಕಣ್ಣು, ಒಂದು ಆಸ್ಪತ್ರೆ: ಮದುರೈನ ಅರವಿಂದ ಬಗ್ಗೆ ಅಧ್ಯಯನ ಟಿಪ್ಪಣಿ

ನಮ್ಮಜ್ಜಿಯ ಎಡಗಣ್ಣಲ್ಲಿ ಹೂ ಬಿದ್ದಿತ್ತು. ಕಪ್ಪುಗುಡ್ಡೆಯ ಮೇಲೆ ಒಂದು ಬಿಳಿ ಮಚ್ಚೆ. ಒಕ್ಕಣೆಯ ದಿನ ಭತ್ತದ ಸುಂಕು ಕಣ್ಣಿಗೆ ತಾಗಿತ್ತಂತೆ. ಎರಡು ದಿನ ಸೆರಗಿನಲ್ಲಿ ಒರೆಸಿಕೊಂಡೇ ಕೆಲಸ ಮಾಡಿದರು. ಆಮೇಲೆ ಔಷಧಿ ಅಂಗಡಿಯಿಂದ ಒಂದು ಡ್ರಾಪ್ಸ್ ತರಿಸಿಕೊಂಡು ಹಾಕಿದರು. ಮೊದಲೆರಡು ದಿನ ಕೆಂಪು ಇಳಿಯಿತು, ನೋವೂ ಕಡಿಮೆಯಾಯಿತು. ವಾರ ಕಳೆಯುವಷ್ಟರಲ್ಲಿ ಆ ಕಣ್ಣು ಹೋಯಿತು. ಖಾಲಿ ಶೀಶೆಯನ್ನು ಅಜ್ಜಿ ಟ್ರಂಕಿನಲ್ಲಿ ಇಟ್ಟಿದ್ದರು. ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷೆಯ ಕೋರ್ಸಿನ, ಎರಡನೇ ವರ್ಷದಲ್ಲಿದ್ದಾಗ ಅದರ ಚೀಟಿ ಓದಿದೆ. ಅದು ಸ್ಟೀರಾಯ್ಡ್ ಡ್ರಾಪ್ಸ್.

ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರೂ ಒಂದೇ ಕಡೆ ನಡೆಯುವ ಕಣ್ಣಾಸ್ಪತ್ರೆ ಅಂದರೆ ಏನು ಅಂತ ನಮ್ಮ ಪಾಠದಲ್ಲಿ ಬರುತ್ತದೆ. ಮೂರು ಕಾಲಂ ಹಾಕಿ ಬಾಯಿಪಾಠ ಮಾಡುತ್ತೇವೆ. ನಾನೂ ಹಾಗೇ ಮಾಡಿದ್ದೆ, ತಲೆಗೆ ಹತ್ತಲಿಲ್ಲ. ಅಜ್ಜಿಯಂಥ ಒಂದು ಕಣ್ಣು ಆ ಆಸ್ಪತ್ರೆಯ ಬಾಗಿಲಿಗೆ ಬಂದರೆ ಏನಾಗುತ್ತದೆ ಅಂತ ಹಿಡಿದುಕೊಂಡು ಓದಿದಾಗ ಅರ್ಥವಾಯಿತು. ಆ ದಾರಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ತಮಿಳುನಾಡಿನ ಮದುರೈನ ಅರವಿಂದ ಕಣ್ಣಾಸ್ಪತ್ರೆ.

ಮೊದಲು ಹಿನ್ನೆಲೆ, ಚಿಕ್ಕದಾಗಿ. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಹುಟ್ಟಿದ್ದು 1918ರಲ್ಲಿ. ಹೆರಿಗೆ ವೈದ್ಯರಾಗಬೇಕು ಅಂತಿದ್ದವರು. ಸಂಧಿವಾತ ಬಂದು ಕೈಬೆರಳುಗಳು ಸೊಟ್ಟಗಾದವು. ಆ ಬೆರಳುಗಳಲ್ಲೇ ಕಣ್ಣಿನ ಆಪರೇಷನ್ ಕಲಿತರು. ಸರ್ಕಾರಿ ನೌಕರಿಯಿಂದ 58ಕ್ಕೆ ನಿವೃತ್ತರಾದ ಮೇಲೆ, 1976ರಲ್ಲಿ, ಒಡಹುಟ್ಟಿದವರನ್ನು ಜೊತೆಗೆ ಕಟ್ಟಿಕೊಂಡು 11 ಹಾಸಿಗೆಯ ಆಸ್ಪತ್ರೆ ತೆರೆದರು. ಶ್ರೀ ಅರವಿಂದರ ಮೇಲಿನ ಭಕ್ತಿಯಿಂದ ಆ ಹೆಸರು. ವೆಂಕಟಸ್ವಾಮಿ 2006ರಲ್ಲಿ ತೀರಿಕೊಂಡರು. ಎಲ್ಲರೂ ಅವರನ್ನು ಡಾಕ್ಟರ್ ವಿ ಅಂತಲೇ ಕರೆಯುತ್ತಿದ್ದರು.

ಈಗ ಕಣ್ಣಿಗೆ ಬರೋಣ.

ಕಪ್ಪುಗುಡ್ಡೆಯ ಮುಂದೆ ಗಾಜಿನಂತೆ ಇರುವ ಪದರವೇ ಕಾರ್ನಿಯಾ. ಅದರ ಮೇಲ್ಮೈ ಗೀರಿದರೆ ರೋಗಾಣು ಒಳಗೆ ಇಳಿಯುತ್ತದೆ, ಹುಣ್ಣಾಗುತ್ತದೆ. ಹುಣ್ಣು ವಾಸಿಯಾದರೂ ಕಲೆ ಉಳಿಯುತ್ತದೆ. ನಾವು ಹೂ ಅನ್ನುವುದು ಆ ಕಲೆಗೆ. ಈ ರೋಗಾಣು ಮುಖ್ಯವಾಗಿ ಎರಡು ಬಗೆಯದ್ದು: ಬ್ಯಾಕ್ಟೀರಿಯಾ, ಇಲ್ಲವೇ ಫಂಗಸ್, ಅಂದರೆ ಬೂಷ್ಟಿನ ಜಾತಿ. ಔಷಧ ಪೂರ್ತಿ ಬೇರೆ. ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಸ್ಟೀರಾಯ್ಡ್ ಅಂತೂ ದೇಹದ ಕಾವಲನ್ನೇ ತಗ್ಗಿಸುತ್ತದೆ. ಊತ, ಕೆಂಪು ಇಳಿಯುವುದರಿಂದ ರೋಗಿಗೆ ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ಫಂಗಸ್ ಆರಾಮಾಗಿ ಬೆಳೆಯುತ್ತದೆ. ಅಜ್ಜಿಯ ಕಣ್ಣಲ್ಲಿ ಬಹುಶಃ ಹೀಗೇ ಆಗಿರಬೇಕು.

ಪಾಶ್ಚಾತ್ಯ ಪಠ್ಯಪುಸ್ತಕ ಓದಿದರೆ ಕಾರ್ನಿಯಾ ಹುಣ್ಣು ಅಂದರೆ ಮುಖ್ಯವಾಗಿ ಬ್ಯಾಕ್ಟೀರಿಯಾ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ತೊಂದರೆ ಅನ್ನಿಸುತ್ತದೆ. ಮದುರೈ ಓಪಿಡಿಯಲ್ಲಿ ಕಂಡದ್ದು ಬೇರೆ. 1994ರ ಮೊದಲ ಮೂರು ತಿಂಗಳಲ್ಲಿ ಅಲ್ಲಿಗೆ ಬಂದ 434 ಹುಣ್ಣುಗಳನ್ನು ಒಂದೊಂದಾಗಿ ಕೆರೆದು, ಲ್ಯಾಬಿನಲ್ಲಿ ಬೆಳೆಸಿ ನೋಡಿದರು. ರೋಗಾಣು ಬೆಳೆದ ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಎಷ್ಟೋ ಫಂಗಸ್ಸೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಫಂಗಸ್‌ಗಳಲ್ಲಿ ಮುಂದಿದ್ದದ್ದು ಫ್ಯುಸೇರಿಯಂ. ಅದು ಮಣ್ಣಲ್ಲಿ, ಬೆಳೆಯಲ್ಲಿ ಇರುವಂಥದ್ದು. ಮೂರರಲ್ಲಿ ಎರಡು ಪಾಲು ರೋಗಿಗಳು ಕಣ್ಣಿಗೆ ಏನೋ ಪೆಟ್ಟಾಗಿತ್ತು ಅಂತ ಹೇಳಿದ್ದರು. ಮದುರೈ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಈ ಹುಣ್ಣಾಗುತ್ತದೆ ಅಂತ ಇನ್ನೊಂದು ಲೆಕ್ಕ ಸಿಕ್ಕಿತು. ಅಮೆರಿಕದ ಒಂದು ಕೌಂಟಿಯ ಲೆಕ್ಕಕ್ಕಿಂತ ಅದು ಹತ್ತು ಪಟ್ಟು.

ಇಲ್ಲಿ ಸ್ವಲ್ಪ ನಿಲ್ಲಿ. ಇದಕ್ಕೆ ಯಾರೂ ಹೊಸ ಯಂತ್ರ ಕಂಡುಹಿಡಿಯಲಿಲ್ಲ. ಬಂದ ರೋಗಿಗೆ ಹೇಗೂ ಮಾಡಬೇಕಾದ ಪರೀಕ್ಷೆಯನ್ನೇ ಮಾಡಿದರು. ಆದರೆ ಎಲ್ಲರಿಗೂ ಒಂದೇ ರೀತಿ ಮಾಡಿದರು, ಒಂದೇ ರೀತಿ ಬರೆದಿಟ್ಟರು. ಚಿಕಿತ್ಸೆಯ ಚೀಟಿ ಸಂಶೋಧನೆಯ ಕಾಗದವಾಗುವುದು ಅಲ್ಲಿ. ಇಡೀ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ಮುಂದಿನ ಪ್ರಶ್ನೆ ತಾನಾಗೇ ಎದ್ದಿತು. ಫಂಗಸ್ ಹುಣ್ಣಿಗೆ ಯಾವ ಡ್ರಾಪ್ಸ್ ಒಳ್ಳೆಯದು? ನ್ಯಾಟಮೈಸಿನ್ ಅನ್ನುವುದು ಹಳೆಯ ಮದ್ದು. ವೊರಿಕೊನಜೋಲ್ ಹೊಸದು, ಬೆಲೆಯೂ ಜಾಸ್ತಿ. ಲ್ಯಾಬಿನ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು ಅಂತ ಅದರ ಮೇಲೆ ತುಂಬ ಭರವಸೆ ಇತ್ತು. ಅರವಿಂದದವರು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಸಂಶೋಧನಾ ಸಂಸ್ಥೆ ಪ್ರಾಕ್ಟರ್ ಫೌಂಡೇಶನ್ ಜೊತೆ ಸೇರಿ ಪರೀಕ್ಷೆಗೆ ಇಳಿದರು. ಕಾಲೇಜಿನ ಪರೀಕ್ಷೆಯಲ್ಲಿ ಇದರ ಹೆಸರು ಕೇಳಿದರೆ ಮಟ್-1 (ಮೈಕಾಟಿಕ್ ಅಲ್ಸರ್ ಟ್ರೀಟ್‌ಮೆಂಟ್ ಟ್ರಯಲ್) ಅಂತ ಬರೆಯಿರಿ. ಒಟ್ಟು 323 ರೋಗಿಗಳು. ಯಾರಿಗೆ ಯಾವ ಡ್ರಾಪ್ಸ್ ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತಿತ್ತು. ಡಾಕ್ಟರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟವಾದ ಮದ್ದಿನ ಕಡೆ ಮನಸ್ಸು ವಾಲುತ್ತದೆ, ಅಲ್ವಾ?

2013ರಲ್ಲಿ ಫಲಿತಾಂಶ ಬಂತು. ಹಳೆಯ ನ್ಯಾಟಮೈಸಿನ್ ಗೆದ್ದಿತು. ಫ್ಯುಸೇರಿಯಂ ಇದ್ದ ಕಣ್ಣುಗಳಲ್ಲಿ ವ್ಯತ್ಯಾಸ ತುಂಬ ದೊಡ್ಡದು. ಮೂರು ತಿಂಗಳ ನಂತರ ನ್ಯಾಟಮೈಸಿನ್ ಹಾಕಿದವರು ಅಕ್ಷರದ ಬೋರ್ಡಿನಲ್ಲಿ ಸರಾಸರಿ ಸುಮಾರು ನಾಲ್ಕು ಸಾಲು ಕೆಳಗಿನ, ಅಂದರೆ ಇನ್ನೂ ಚಿಕ್ಕ ಅಕ್ಷರ ಓದುವಷ್ಟು. ವೊರಿಕೊನಜೋಲ್ ಗುಂಪಿನಲ್ಲಿ ಕಾರ್ನಿಯಾ ತೂತಾಗುವುದು ಜಾಸ್ತಿ ಇತ್ತು. ಹಾಗಾಗಿ ಅಂದುಕೊಂಡಿದ್ದಕ್ಕಿಂತ ಮೊದಲೇ ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಿದರು. ಈ ನಿಲ್ಲಿಸುವ ನಿಯಮ ಮೊದಲೇ ಬರೆದಿಟ್ಟಿರಬೇಕು. ಪರೀಕ್ಷೆಗೆ ಒಳಗಾದವರೂ ರೋಗಿಗಳೇ, ಅವರ ಕಣ್ಣು ಕಾಯುವುದು ಮೊದಲ ಕೆಲಸ.

ಸ್ಟೀರಾಯ್ಡ್ ಪ್ರಶ್ನೆಯನ್ನೂ ಇವರೇ ಕೈಗೆತ್ತಿಕೊಂಡರು. ಬ್ಯಾಕ್ಟೀರಿಯಾ ಹುಣ್ಣು ಅಂತ ಖಚಿತವಾದ 500 ಕಣ್ಣುಗಳಲ್ಲಿ, ಆಂಟಿಬಯಾಟಿಕ್ ಜೊತೆಗೆ ಸ್ಟೀರಾಯ್ಡ್ ಹಾಕಿದರೆ ಕಲೆ ಕಡಿಮೆಯಾಗುತ್ತದೆಯೇ ಅಂತ ನೋಡಿದರು. 2012ರ ಉತ್ತರ: ಒಟ್ಟಾರೆ ನೋಡಿದರೆ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಖಚಿತವಾದ ಅನ್ನುವ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಕೆರೆದು ನೋಡದೆ ಸ್ಟೀರಾಯ್ಡ್ ಹಾಕುವ ಮಾತೇ ಅಲ್ಲಿರಲಿಲ್ಲ.

ಇದರಲ್ಲಿ ಬೋಧನೆ ಎಲ್ಲಿದೆ? ಹುಣ್ಣನ್ನು ಕೆರೆಯುವುದು ಪಿಜಿ ವಿದ್ಯಾರ್ಥಿ. ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ, ಮೈಕ್ರೋಸ್ಕೋಪಿನಲ್ಲಿ ಎಳೆ ಎಳೆಯಾಗಿ ಕಾಣುವ ಫಂಗಸ್ ಗುರುತಿಸುವುದನ್ನು ಆತ ಅಲ್ಲೇ ಕಲಿಯುತ್ತಾನೆ. ಪುಸ್ತಕದಲ್ಲಿ ಒಂದು ಚಿತ್ರ ಇರುತ್ತದೆ. ಇಲ್ಲಿ ವಾರಕ್ಕೆ ಎಷ್ಟೋ ಕಣ್ಣು. ಕಲಿತು ಊರಿಗೆ ಹೋದವರು ತಮ್ಮಲ್ಲಿಗೆ ಬಂದ ಮೊದಲ ಹುಣ್ಣನ್ನೂ ಕೆರೆದೇ ನೋಡುತ್ತಾರೆ. ಸಂಶೋಧನೆಯ ಫಲ ರೋಗಿಯ ಹತ್ತಿರ ತಲುಪುವುದು ಈ ಕೈಗಳ ಮೂಲಕ.

ಬೋಧನೆ ಅಂದರೆ ಡಾಕ್ಟರುಗಳದ್ದು ಮಾತ್ರ ಅಂದುಕೊಳ್ಳಬೇಡಿ. ಅರವಿಂದದ ಬೆನ್ನೆಲುಬು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಶಾಲೆ ಮುಗಿಸಿದ ಹುಡುಗಿಯರನ್ನು ಆರಿಸಿ ಎರಡು ವರ್ಷ ತರಬೇತಿ ಕೊಡುತ್ತಾರೆ. ದೃಷ್ಟಿ ಅಳೆಯುವುದು, ಕಣ್ಣಿನ ಒತ್ತಡ ನೋಡುವುದು, ಆಪರೇಷನ್ ಥಿಯೇಟರಿನಲ್ಲಿ ಸಾಮಾನು ಕೊಡುವುದು, ರೋಗಿಗೆ ಧೈರ್ಯ ಹೇಳುವುದು ಎಲ್ಲ ಅವರ ಕೆಲಸ. ಅದರಿಂದ ಡಾಕ್ಟರ್ ತಾವೇ ಮಾಡಬೇಕಾದದ್ದನ್ನು ಮಾತ್ರ ಮಾಡಿದರೆ ಸಾಕು. ಸರ್ಜನ್ ಎರಡು ಟೇಬಲ್ ನಡುವೆ ಕೂರುತ್ತಾರೆ. ಒಂದರಲ್ಲಿ ಪೊರೆ ಆಪರೇಷನ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ರೋಗಿ ಸಿದ್ಧ. ಮೈಕ್ರೋಸ್ಕೋಪ್ ಆ ಕಡೆ ತಿರುಗಿಸಿದರೆ ಆಯಿತು. ಇದನ್ನು ಕಾರ್ಖಾನೆ ಅಂತ ಟೀಕಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೇಗ ಬಂದಿರುವುದು ಡಾಕ್ಟರ್ ಅವಸರ ಮಾಡುವುದರಿಂದ ಅಲ್ಲ, ಕಾಯುವ ಸಮಯ ಉಳಿದದ್ದರಿಂದ. ವೇಗದಿಂದ ಸೋಂಕು ಹೆಚ್ಚುತ್ತದೆಯೇ ಅಂತ ಅವರೇ ಲೆಕ್ಕ ಇಟ್ಟು ನೋಡಿದ್ದಾರೆ, ಪ್ರಕಟಿಸಿಯೂ ಇದ್ದಾರೆ.

ಆ ಲೆಕ್ಕ ನೋಡಿ. ಪೊರೆ ತೆಗೆದ ಮೇಲೆ ಎಲ್ಲರೂ ಹೆದರುವುದು ಕಣ್ಣಿನ ಒಳಗೆ ಕೀವಾಗುವುದಕ್ಕೆ. ಆಪರೇಷನ್ ಕೊನೆಯಲ್ಲಿ ಮಾಕ್ಸಿಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಅನ್ನು ಕಣ್ಣಿನೊಳಗೇ ಒಂದು ಹನಿ ಬಿಟ್ಟರೆ ತಡೆಯಬಹುದೇ? ಆರು ಲಕ್ಷಕ್ಕೂ ಜಾಸ್ತಿ ಆಪರೇಷನ್‌ಗಳ ದಾಖಲೆ ನೋಡಿ 2017ರಲ್ಲಿ ಬರೆದರು. ಮದ್ದು ಇಲ್ಲದಾಗ ಹತ್ತು ಸಾವಿರಕ್ಕೆ 7 ಕಣ್ಣು. ಮದ್ದು ಬಿಟ್ಟಾಗ ಹತ್ತು ಸಾವಿರಕ್ಕೆ 2. ಇಷ್ಟು ಅಪರೂಪದ ತೊಂದರೆಯಲ್ಲಿ ವ್ಯತ್ಯಾಸ ಕಾಣಬೇಕಾದರೆ ಲಕ್ಷಗಟ್ಟಲೆ ಕಣ್ಣು ಬೇಕು. ಸಣ್ಣ ಆಸ್ಪತ್ರೆಗೆ ಅದು ಆಗದ ಕೆಲಸ. ಒಂದು ಎಚ್ಚರಿಕೆ: ಇದು ಮಟ್-1 ತರಹ ಚೀಟಿ ಎತ್ತಿ ಹಂಚಿದ್ದಲ್ಲ, ಮೊದಲು ಮತ್ತು ನಂತರದ ದಾಖಲೆಗಳ ಹೋಲಿಕೆ. ಎರಡರ ತೂಕ ಒಂದೇ ಅಲ್ಲ. ಉತ್ತರ ಬರೆಯುವಾಗ ಈ ವ್ಯತ್ಯಾಸ ಹೇಳಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಕೊಡಬಲ್ಲವರು ಕೊಡುತ್ತಾರೆ, ಆಗದವರಿಗೆ ಉಚಿತ ಅಥವಾ ತೀರಾ ಕಡಿಮೆ. ಯಾವ ಸಾಲಿನಲ್ಲಿ ನಿಲ್ಲಬೇಕು ಅನ್ನುವುದು ರೋಗಿಯ ಆಯ್ಕೆ, ಆದಾಯ ಪತ್ರ ಕೇಳುವುದಿಲ್ಲ. ಎರಡೂ ಕಡೆ ಅದೇ ಡಾಕ್ಟರುಗಳು. ಪೊರೆ ತೆಗೆದ ಮೇಲೆ ಕಣ್ಣಿನ ಒಳಗೆ ಹಾಕುವ ಲೆನ್ಸ್ ಹೊರದೇಶದಿಂದ ದುಬಾರಿ ಬೆಲೆ ಕೊಟ್ಟು ತರಬೇಕಿದ್ದಾಗ ಉಚಿತವಾಗಿ ಹಾಕುವುದು ಕಷ್ಟವಾಗಿತ್ತು. 1992ರಲ್ಲಿ ಆರೋಲ್ಯಾಬ್ ಅನ್ನುವ ತಮ್ಮದೇ ಘಟಕ ಕಟ್ಟಿ ಹತ್ತು ಡಾಲರ್ ಆಸುಪಾಸಿನಲ್ಲಿ ಲೆನ್ಸ್ ತಯಾರಿಸಿದರು. ಮೇಲೆ ಹೇಳಿದ ಮಾಕ್ಸಿಫ್ಲಾಕ್ಸಸಿನ್ ಕೂಡ ಈಗ ಅಲ್ಲೇ ತಯಾರಾಗುತ್ತದೆ.

ಇಷ್ಟೆಲ್ಲ ಇದ್ದರೂ ನಮ್ಮಜ್ಜಿ ಅಲ್ಲಿಗೆ ಹೋಗುತ್ತಿದ್ದರೇ? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಅರವಿಂದದವರನ್ನೂ ಕಾಡಿದೆ. ಹಳ್ಳಿಗಳ ಉಚಿತ ಶಿಬಿರಕ್ಕೆ ಕಣ್ಣಿನ ತೊಂದರೆ ಇದ್ದವರಲ್ಲಿ ಎಷ್ಟು ಮಂದಿ ಬರುತ್ತಾರೆ ಅಂತ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 7. ಉಳಿದವರಿಗೆ ಭಯ, ಮನೆಗೆಲಸ, ಕೂಲಿ ತಪ್ಪುವ ಚಿಂತೆ, ವಯಸ್ಸಾಯಿತಲ್ಲ ಬಿಡಿ ಅನ್ನುವ ಮಾತು. ಒಳ್ಳೆಯ ಹೆಸರಿದ್ದ ಕೆಲಸದಲ್ಲಿ ಇಂಥ ಅಂಕಿ ಹೊರಗೆ ಹೇಳಲು ಧೈರ್ಯ ಬೇಕು. 2004ರಿಂದ ಸಣ್ಣ ಊರುಗಳಲ್ಲಿ ಕಾಯಂ ದೃಷ್ಟಿ ಕೇಂದ್ರಗಳನ್ನು ತೆರೆಯತೊಡಗಿದರು. ಅಲ್ಲಿ ತರಬೇತಾದ ಹುಡುಗಿ ಕಣ್ಣು ಪರೀಕ್ಷೆ ಮಾಡುತ್ತಾಳೆ, ದೂರದ ಆಸ್ಪತ್ರೆಯ ಡಾಕ್ಟರ್ ವಿಡಿಯೊದಲ್ಲಿ ರೋಗಿಯ ಜೊತೆ ಮಾತಾಡುತ್ತಾರೆ. ತಮಿಳುನಾಡಿನ ತೇನಿ ಭಾಗದಲ್ಲಿ ಇಂಟರ್ನೆಟ್ ಸಿಗದಿದ್ದಾಗ ಬರ್ಕ್‌ಲಿ ವಿಶ್ವವಿದ್ಯಾಲಯದವರ ಜೊತೆ ಸೇರಿ ಕಿಲೋಮೀಟರುಗಟ್ಟಲೆ ದೂರ ಹೋಗುವ ವೈಫೈ ಕಟ್ಟಿದರು.

ನಮ್ಮ ಕಡೆಗೂ ಒಂದು ಎಳೆ ಇದೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗುವುದನ್ನು ಫೋಟೊ ನೋಡಿ ಕಂಪ್ಯೂಟರ್ ಗುರುತಿಸಬಹುದೇ ಅಂತ ಗೂಗಲ್ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕಲಿಸಲು ಬಳಸಿದ್ದು 1,28,175 ಫೋಟೊ. ಅಮೆರಿಕದ ಜೊತೆಗೆ ಭಾರತದ ಮೂರು ಕಣ್ಣಾಸ್ಪತ್ರೆಗಳಿಂದ ಅವು ಬಂದಿದ್ದವು: ಅರವಿಂದ, ಚೆನ್ನೈನ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ. ಪ್ರತಿ ಫೋಟೊವನ್ನೂ ಕಣ್ಣಿನ ಡಾಕ್ಟರುಗಳು ಮೂರರಿಂದ ಏಳು ಸಲ ನೋಡಿ ದರ್ಜೆ ಕೊಟ್ಟಿದ್ದರು. ಅಂಥ ಒಂದೊಂದು ಫೋಟೊದ ಹಿಂದೆ ಗಲ್ಲ ಇಟ್ಟು ಅಲ್ಲಾಡದೆ ಕೂತ ಒಬ್ಬ ರೋಗಿ, ಬಟನ್ ಒತ್ತಿದ ಒಬ್ಬ ಟೆಕ್ನಿಷಿಯನ್ ಇರುತ್ತಾರೆ.

ಬೆಂಗಳೂರಿನವರು ಮಿಂಟೊ ಆಸ್ಪತ್ರೆಗೆ ಪೋಸ್ಟಿಂಗ್ ಹೋದಾಗ ಒಂದು ಕೆಲಸ ಮಾಡಿ. ಅದೂ ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ, ನೂರು ವರ್ಷ ದಾಟಿದ ಸರ್ಕಾರಿ ಕಣ್ಣಾಸ್ಪತ್ರೆ. ಸುಗ್ಗಿ ತಿಂಗಳಲ್ಲಿ ಕಾರ್ನಿಯಾ ಹುಣ್ಣಿನ ರೋಗಿ ಬಂದರೆ ಪಕ್ಕದಲ್ಲಿ ಕೂತು ಮೂರು ವಿಷಯ ಕೇಳಿ ಬರೆದುಕೊಳ್ಳಿ. ಕಣ್ಣಿಗೆ ಏನು ತಾಗಿತ್ತು? ಇಲ್ಲಿಗೆ ಬರುವ ಮೊದಲು ಯಾವ ಡ್ರಾಪ್ಸ್ ಹಾಕಿದ್ದೀರಿ? ಎಷ್ಟು ದಿನ ಆಯಿತು? ಶೀಶೆ ತಂದಿದ್ದರೆ ಅದರ ಚೀಟಿಯನ್ನೂ ಓದಿ.