ಎರಡನೆಯ ಆಲ್ಬಮಿನ ಕಷ್ಟ ಯಾರ ಕಷ್ಟ?

ರಾಕ್ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ಈಚೆಗೆ ‘ಡಿಫಿಕಲ್ಟ್ ಸೆಕೆಂಡ್ ಆಲ್ಬಮ್’ ಎಂಬ ನುಡಿಗಟ್ಟನ್ನು ಧಾರಾಳವಾಗಿ ಬಳಸುತ್ತಿದ್ದಾರೆ. ಬಳಕೆಗೆ ನನ್ನ ತಕರಾರಿಲ್ಲ. ಆದರೆ ಮೊನ್ನೆ ಓದಿದ ಬರಹವೊಂದರಲ್ಲಿ ಅದು ‘ಕ್ಲಿಷ್ಟ ಎರಡನೆಯ ಆಲ್ಬಮ್’ ಎಂದು ಅನುವಾದಗೊಂಡು, ‘ನೆಲಕಚ್ಚಿದ ಎರಡನೆಯ ಆಲ್ಬಮ್’ ಎಂದು ವಿವರಿಸಲ್ಪಟ್ಟು, ಉದಾಹರಣೆಯ ಜಾಗದಲ್ಲಿ ಅಮೆರಿಕದ ನಿರ್ವಾನಾ ತಂಡದ ‘ಇನ್ ಯುಟೆರೋ’ ಬಂದು ಕೂತಿತ್ತು. ಅನುವಾದ, ಅರ್ಥ, ಉದಾಹರಣೆ ಮೂರೂ ತಪ್ಪು. ಇದೇ ಮೂರು ತಪ್ಪುಗಳನ್ನು ಬಿಡಿಬಿಡಿಯಾಗಿ ಹಲವು ಕಡೆ ಕಂಡಿದ್ದ ನನಗೆ, ಒಂದೇ ಕಡೆ ಕೂಡಿ ಬಂದದ್ದನ್ನು ಕಂಡ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ.

ಮೊದಲು ‘ಕ್ಲಿಷ್ಟ’ದ ವಿಚಾರ. ಸಂಸ್ಕೃತದ ‘ಕ್ಲಿಶ್’ ಧಾತುವಿನಿಂದ ಬಂದ ಈ ಪದಕ್ಕೆ ಮೂಲದಲ್ಲಿ ನೊಂದ, ಬಳಲಿದ ಎಂಬ ಅರ್ಥವೇ ಇತ್ತು. ‘ಕ್ಲೇಶ’ ಅದರ ಒಡಹುಟ್ಟು. ಅರ್ಥವನ್ನು ಬೇಗ ಬಿಟ್ಟುಕೊಡದ ಮಾತನ್ನು ಆಲಂಕಾರಿಕರು ಕ್ಲಿಷ್ಟವೆಂದು ಕರೆದು ದೋಷಗಳ ಪಟ್ಟಿಗೆ ಸೇರಿಸಿದರು, ಕನ್ನಡದಲ್ಲಿ ಇಂದು ಗಟ್ಟಿಯಾಗಿ ಉಳಿದಿರುವುದು ಆ ಎರಡನೆಯ ಅರ್ಥ. ಕ್ಲಿಷ್ಟ ಪದ್ಯವೆಂದರೆ ಓದುವವನನ್ನು ದಣಿಸುವ ಪದ್ಯವೇ ಹೊರತು ಬರೆದವನನ್ನು ದಣಿಸಿದ ಪದ್ಯವಲ್ಲ. ಇಂಗ್ಲಿಷಿನ ‘ಡಿಫಿಕಲ್ಟ್’ ಎಂಬ ಪದ ಈ ಎರಡು ದಣಿವುಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ತಿರುಗುತ್ತದೆ. ನಮ್ಮಲ್ಲಿ ಬೇರೆ ಬೇರೆ ಪದಗಳಿವೆ, ಆದ್ದರಿಂದ ಕನ್ನಡಕ್ಕೆ ತರುವವರು ಯಾವ ದಣಿವೆಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಸವೆಯುವಷ್ಟು ಬಳಸಿದ ಈ ನುಡಿಗಟ್ಟಿನಲ್ಲಿರುವುದು, ಮೊದಲ ಆಲ್ಬಮ್ ಗೆದ್ದ ಮೇಲೆ ಎರಡನೆಯದನ್ನು ಮಾಡುವವರ ದಣಿವು. ಅದಕ್ಕೆ ‘ತಿಣುಕಾಟ’ ಎಂಬ ಅಚ್ಚುಕಟ್ಟಾದ ಪದವಿದೆ. ಭಾರ ಹೊತ್ತು, ಉಸಿರು ಬಿಗಿಹಿಡಿದು, ಮುಂದೆ ಹೆಜ್ಜೆಯಿಡಲು ಪಡುವ ಪಾಡೆಲ್ಲ ಅದರೊಳಗಿದೆ. ‘ಎರಡನೆಯ ಆಲ್ಬಮಿನ ತಿಣುಕಾಟ’ ಎಂದರೆ ಸಾಕು, ವಿವರಣೆಯೇ ಬೇಕಾಗುವುದಿಲ್ಲ.

ಈ ತಿಣುಕಾಟವನ್ನು ಸೋಲಿನೊಂದಿಗೆ ಬೆರೆಸಿದ್ದು ಇನ್ನೊಂದು ನುಡಿಗಟ್ಟು, ಅಮೆರಿಕದ ‘ಸಾಫಮೋರ್ ಸ್ಲಂಪ್’. ಅಲ್ಲಿನ ಕಾಲೇಜುಗಳಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ ಸಾಫಮೋರ್. ಮೊದಲ ವರ್ಷ ಮಿಂಚಿದವನು ಎರಡನೆಯ ವರ್ಷ ಮಂಕಾಗುವುದು ಸ್ಲಂಪ್. ಸಾಫಮೋರ್ ಎಂಬುದು ಗ್ರೀಕಿನ ‘ಸೋಫೋಸ್’, ಅಂದರೆ ಜ್ಞಾನಿ, ಮತ್ತು ‘ಮೋರೋಸ್’, ಅಂದರೆ ಮೂರ್ಖ, ಇವೆರಡರ ಜೋಡಣೆಯೆಂದೂ ಅರೆಬೆಂದ ಪಂಡಿತನನ್ನು ಅದು ಸೂಚಿಸುತ್ತದೆಂದೂ ಎಲ್ಲರೂ ಬರೆಯುತ್ತಾರೆ. ಕೇಳಲು ಸೊಗಸಾಗಿರುವುದರಿಂದಲೇ ಈ ವಿವರಣೆ ಬದುಕಿದೆ. ಹದಿನೇಳನೆಯ ಶತಮಾನದಲ್ಲಿ ಈ ಪದದ ರೂಪ ‘ಸೋಫುಮರ್’ ಎಂದಿತ್ತು; ಅದು ಬಂದದ್ದು ‘ಸೋಫಿಸಂ’ ಎಂಬುದರ ಹಳೆಯ ರೂಪವಾದ ‘ಸೋಫುಮ್’ ಎಂಬುದರಿಂದ. ವಾದ ಹೂಡುವುದನ್ನು ಕಲಿಯುತ್ತಿರುವವನು, ತರ್ಕದ ವರಸೆಗಳನ್ನು ಅಭ್ಯಾಸ ಮಾಡುತ್ತಿರುವವನು ಎಂಬುದಷ್ಟೇ ಅದರ ಅರ್ಥ, ಬೈಗುಳವೇನೂ ಅದರಲ್ಲಿರಲಿಲ್ಲ. ಮೂರ್ಖ ಆಮೇಲೆ ಬಂದು ಸೇರಿದವನು, ಅವನಿಗೆ ಜಾಗ ಮಾಡಿಕೊಡಲು ಪದದ ಕೊನೆಯ ಅಕ್ಷರಗಳೂ ಬದಲಾದವು. ಬೇಗೂರಿನ ಒಂಬತ್ತನೆಯ ಶತಮಾನದ ಶಾಸನದಲ್ಲಿ ಬೆಂಗಳೂರು ಎಂಬ ಹೆಸರಿದ್ದರೂ ಹನ್ನೆರಡನೆಯ ಶತಮಾನದ ಬಲ್ಲಾಳನಿಗೆ ಬೆಂದಕಾಳು ಉಣಿಸುವ ಕಥೆ ನಮ್ಮಲ್ಲಿ ನಿಂತಿಲ್ಲವೇ, ಹಾಗೆಯೇ ಇದೂ ನಿಂತಿದೆ.

ಈ ಎರಡು ನುಡಿಗಟ್ಟುಗಳನ್ನು ಅದಲುಬದಲಾಗಿ ಬಳಸುವುದೇ ನನಗೆ ಸಹಿಸಲಾಗದ ಗೊಂದಲ. ಸ್ಲಂಪ್ ಎಂಬುದು ಫಲಿತಾಂಶದ ಮಾತು, ಅದನ್ನು ಹೊರಗಿನವರು ಅಂಕಿಗಳನ್ನು ಕಂಡು ಹೇಳುತ್ತಾರೆ. ಅದಕ್ಕೆ ಸಂಖ್ಯಾಶಾಸ್ತ್ರದಲ್ಲಿಯೂ ಒಂದು ವಿವರಣೆಯಿದೆ: ಎತ್ತರದ ತಂದೆತಾಯಿಯರ ಮಕ್ಕಳ ಎತ್ತರ ಸರಾಸರಿಯ ಕಡೆಗೆ ಜಾರುವುದನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದ ಹಾಗೆ, ಅಸಾಧಾರಣವಾಗಿ ಗೆದ್ದ ಮೊದಲ ಆಲ್ಬಮಿನ ಬಳಿಕ ಬರುವುದು ಸಾಧಾರಣಕ್ಕೆ ಹತ್ತಿರವಾಗಿ ಕಂಡರೆ ಅದಕ್ಕೆ ಕಲಾವಿದನ ಆಲಸ್ಯವೇ ಕಾರಣವಾಗಬೇಕೆಂದಿಲ್ಲ. ತಿಣುಕಾಟವಾದರೋ ಸ್ಟುಡಿಯೋದ ಒಳಗೆ ನಡೆಯುವಂಥದ್ದು. ಅದು ಗೆಲುವಿನಲ್ಲಿ ಮುಗಿದರೂ ತಿಣುಕಾಟವೇ.

ಇದಕ್ಕೆ ಪರ್ಲ್ ಜ್ಯಾಮ್ ತಂಡದ ‘ವರ್ಸಸ್’ ಆಲ್ಬಮಿಗಿಂತ ಸ್ವಚ್ಛವಾದ ಉದಾಹರಣೆ ಗ್ರಂಜ್ ಎಂಬ ಒರಟು ದನಿಯ ರಾಕ್ ಸಂಗೀತದಲ್ಲಿ ನನಗೆ ಸಿಕ್ಕಿಲ್ಲ. ಅಮೆರಿಕದ ಸಿಯಾಟಲ್‌ನ ಈ ತಂಡದ ಮೊದಲ ಆಲ್ಬಮ್ ‘ಟೆನ್’ 1991ರ ಆಗಸ್ಟಿನಲ್ಲಿ ಹೊರಬಂದಾಗ ಹೆಚ್ಚು ಸದ್ದಾಗಲಿಲ್ಲ. ಮರುವರ್ಷ ಅದು ಅಮೆರಿಕದಲ್ಲಿ ಆಲ್ಬಮುಗಳ ಮಾರಾಟದ ಶ್ರೇಯಾಂಕ ಕೊಡುವ ಬಿಲ್‌ಬೋರ್ಡ್ ಪಟ್ಟಿಯ ಎರಡನೆಯ ಸ್ಥಾನದವರೆಗೆ ಏರಿತು. ಮೊದಲ ಆಲ್ಬಮ್ ಬರೆಯಲು ಇಡೀ ಆಯುಸ್ಸೇ ಸಿಗುತ್ತದೆ, ಎರಡನೆಯದಕ್ಕೆ ಕೆಲವೇ ತಿಂಗಳು ಎಂಬ ಮಾತು ಸಂಗೀತಗಾರರ ನಡುವೆ ಬಹಳ ಓಡಾಡುತ್ತದೆ. ಪರ್ಲ್ ಜ್ಯಾಮ್ ವಿಷಯದಲ್ಲಿ ಅದು ಅಕ್ಷರಶಃ ನಿಜವಲ್ಲ, ಏಕೆಂದರೆ ತಂಡ ಕೂಡಿದ್ದೇ 1990ರ ಕೊನೆಯಲ್ಲಿ, ‘ಟೆನ್’ ಧ್ವನಿಮುದ್ರಣವಾದದ್ದು ಮರುವರ್ಷದ ಆರಂಭದ ತಿಂಗಳುಗಳಲ್ಲಿ. ಆದರೆ ಗಿಟಾರಿನ ಸ್ಟೋನ್ ಗೊಸಾರ್ಡ್ ಮತ್ತು ಬೇಸ್ ಗಿಟಾರಿನ ಜೆಫ್ ಅಮೆಂಟ್ ಅದಕ್ಕೂ ಮೊದಲು ಗ್ರೀನ್ ರಿವರ್, ಮದರ್ ಲವ್ ಬೋನ್ ಎಂಬ ಎರಡು ತಂಡಗಳಲ್ಲಿ ವರ್ಷಗಟ್ಟಲೆ ಜೊತೆಗೆ ನುಡಿಸಿದ್ದರು. ಮದರ್ ಲವ್ ಬೋನ್‌ನ ಗಾಯಕ ಆಂಡ್ರ್ಯೂ ವುಡ್ 1990ರ ಮಾರ್ಚಿನಲ್ಲಿ ತೀರಿಕೊಂಡ ದುಃಖವನ್ನೂ ಹೊತ್ತಿದ್ದರು. ಮೊದಲ ಆಲ್ಬಮಿನ ಹಿಂದೆ ಅಷ್ಟು ಕಾಲದ ಸರಕು ಇತ್ತು, ಮತ್ತು ಯಾರೂ ಅವರ ದಾರಿ ಕಾಯುತ್ತಿರಲಿಲ್ಲ. ಎರಡನೆಯದರ ಹೊತ್ತಿಗೆ ಇವೆರಡೂ ತಿರುವುಮುರುವಾಗಿದ್ದವು.

1993ರ ವಸಂತದಲ್ಲಿ ಬ್ರೆಂಡನ್ ಒಬ್ರಾಯನ್ ಎಂಬ ನಿರ್ಮಾಪಕನೊಡನೆ ತಂಡ ಕ್ಯಾಲಿಫೋರ್ನಿಯಾದ ನಿಕಾಸಿಯೋದಲ್ಲಿದ್ದ ‘ದ ಸೈಟ್’ ಎಂಬ ಸ್ಟುಡಿಯೋ ಸೇರಿತು. ಅದು ಬೆಟ್ಟಗುಡ್ಡಗಳ ನಡುವಣ ಎಲ್ಲ ಸೌಕರ್ಯಗಳೂ ಇದ್ದ ಜಾಗ. ಗಾಯಕ ಎಡ್ಡಿ ವೆಡರ್‌ಗೆ ಸಮಸ್ಯೆಯಾದದ್ದು ಆ ಸೌಕರ್ಯವೇ. ಇಷ್ಟು ಹಾಯಾದ ಜಾಗದಲ್ಲಿ ರಾಕ್ ಹಾಡು ಹುಟ್ಟುವುದು ಹೇಗೆಂದು ಅವನಿಗೆ ತೋಚಲಿಲ್ಲ. ಅಲ್ಲಿಂದ ಹೊರಟು ತನ್ನ ಟ್ರಕ್ಕಿನಲ್ಲಿ ಮಲಗಿದ್ದೂ ಉಂಟು. ಒಂದು ಹಾಡನ್ನು ಪೂರ್ತಿಯಾಗಿ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕೈಹಾಕುವ ಪದ್ಧತಿಯನ್ನು ಅವರು ಅನುಸರಿಸಿದ್ದರಿಂದ, ಸಾಹಿತ್ಯ ಬರೆಯುವವನು ತಡೆದು ನಿಂತರೆ ಉಳಿದ ನಾಲ್ವರ ಕೆಲಸವೂ ನಿಲ್ಲುವ ಸ್ಥಿತಿಯಿತ್ತೆಂದು ನಾನು ಊಹಿಸುತ್ತೇನೆ. ತಾನು ಅತ್ಯಂತ ಕಡಿಮೆ ಆನಂದದಿಂದ ಮಾಡಿದ ಆಲ್ಬಮ್ ಇದೆಂದು ವೆಡರ್ ಮುಂದೆ ಹೇಳಿಕೊಂಡ. ‘ರಿಯರ್‌ವ್ಯೂಮಿರರ್’ ಎಂಬ ಹಾಡಿನ ಕೊನೆಯಲ್ಲಿ ಡ್ರಮ್ಮಿನ ಡೇವ್ ಅಬ್ರುಜೀಸ್ ತನ್ನ ಕೋಲುಗಳನ್ನು ಗೋಡೆಗೆ ಎಸೆದ ಸದ್ದು ಹಾಗೆಯೇ ಉಳಿದಿದೆ. ಬಿಗುವು ಎಷ್ಟಿತ್ತೆಂದು ತಿಳಿಯಬಯಸುವವರು ಆ ಹಾಡನ್ನು ಕಡೆಯವರೆಗೆ ಕೇಳಬೇಕು. ಮುಖಪುಟದಲ್ಲಿರುವುದು ಮೊಂಟಾನಾದ ತೋಟವೊಂದರಲ್ಲಿ ಅಮೆಂಟ್ ತೆಗೆದ, ತಂತಿ ಬೇಲಿಯೊಳಗಿಂದ ಮುಖ ತೂರಿಸಿದ ಪ್ರಾಣಿಯ ಚಿತ್ರ. ಆಗ ತಂಡಕ್ಕೆ ಅನಿಸುತ್ತಿದ್ದುದನ್ನೇ ಅದು ನೇರವಾಗಿ ತೋರಿಸುತ್ತದೆಂಬುದು ಅವನ ವಿವರಣೆ. ಆಲ್ಬಮಿಗೆ ಮೊದಲು ಇಟ್ಟಿದ್ದ ಹೆಸರು ‘ಫೈವ್ ಅಗೆನ್‌ಸ್ಟ್ ಒನ್’, ಒಬ್ಬರ ಎದುರು ಐವರು. ಬದಲಾದ ಹೆಸರಿನಲ್ಲಿಯೂ ಆ ‘ಎದುರು’ ಉಳಿದುಕೊಂಡಿತು.

ಫಲಿತಾಂಶವೇನಾಯಿತು? 1993ರ ಅಕ್ಟೋಬರ್ 19ರಂದು ಬಿಡುಗಡೆಯಾದ ‘ವರ್ಸಸ್’ ಅಮೆರಿಕದಲ್ಲಿ ಮೊದಲ ಐದು ದಿನಗಳಲ್ಲಿ ಸುಮಾರು 9.5 ಲಕ್ಷ ಪ್ರತಿಗಳು ಮಾರಾಟವಾಗಿ ಅಂದಿನ ದಾಖಲೆಯನ್ನು ಮುರಿಯಿತು. ಹಾಡುಗಳಿಗೆ ವಿಡಿಯೋ ಮಾಡುವುದಿಲ್ಲವೆಂದು ತಂಡ ಹಟ ಹಿಡಿದಿದ್ದಾಗ್ಯೂ, ಹಾಡುಗಳ ವಿಡಿಯೋ ತೋರಿಸುವ ಎಂಟಿವಿ ವಾಹಿನಿಯ ಆ ಉಚ್ಛ್ರಾಯ ಕಾಲದಲ್ಲಿ, ಇದು ಆಯಿತೆಂಬುದನ್ನು ಮರೆಯಬಾರದು. ಒಟ್ಟು ಮಾರಾಟದಲ್ಲಿ ಇದು ‘ಟೆನ್’ ಮಟ್ಟವನ್ನು ಮುಟ್ಟಲಿಲ್ಲ ಎಂಬುದೂ ನಿಜ. ಆದ್ದರಿಂದ ಅಂಕಿಗಳಿಗೇ ಜೋತುಬೀಳುವವರು ಇದನ್ನು ಏರಿಕೆಯೆಂದೂ ಸಾಧಿಸಬಹುದು, ಇಳಿಕೆಯೆಂದೂ ಸಾಧಿಸಬಹುದು. ತಿಣುಕಾಟದ ಬಗ್ಗೆ ಮಾತ್ರ ಎರಡು ಮಾತಿಲ್ಲ.

ಇನ್ನು ‘ಇನ್ ಯುಟೆರೋ’. ನಿರ್ವಾನಾ ತಂಡದ ಮೊದಲ ಆಲ್ಬಮ್ 1989ರ ‘ಬ್ಲೀಚ್’. ಸಬ್ ಪಾಪ್ ಎಂಬ ಸಿಯಾಟಲ್‌ನ ಚಿಕ್ಕ ಕಂಪನಿ ಹೊರತಂದ ಅದರ ಧ್ವನಿಮುದ್ರಣಕ್ಕೆ ಆದ ಖರ್ಚು 606 ಡಾಲರ್ 17 ಸೆಂಟ್. ಎರಡನೆಯದು 1991ರ ‘ನೆವರ್‌ಮೈಂಡ್’. 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್‌ನ ‘ಡೇಂಜರಸ್’ ಆಲ್ಬಮನ್ನು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಿಂದ ಇಳಿಸಿದ್ದು ಇದೇ. ‘ಇನ್ ಯುಟೆರೋ’ ಮೂರನೆಯದು. ಎಣಿಕೆ ಇಷ್ಟು ಸರಳವಾಗಿರುವಾಗ ತಪ್ಪು ಏಕಾಗುತ್ತದೆಂದರೆ, ಜನ ಎಣಿಸುವುದು ಆಲ್ಬಮುಗಳನ್ನಲ್ಲ, ಖ್ಯಾತಿ ಬಂದ ದಿನದಿಂದ ಮುಂದಕ್ಕೆ ಎಣಿಸುತ್ತಾರೆ. ‘ನೆವರ್‌ಮೈಂಡ್’ ಮೂಲಕ ತಂಡದ ಪರಿಚಯವಾದವರಿಗೆ ಅದೇ ಮೊದಲನೆಯದು, ಅದರ ಮುಂದಿನದು ಎರಡನೆಯದು. ಆ ತಪ್ಪಿನೊಳಗೆ ಒಂದು ಒಳನೋಟವಿರುವುದನ್ನು ಒಪ್ಪುತ್ತೇನೆ. ಭಾರ ಹುಟ್ಟುವುದು ಸಂಖ್ಯೆಯಿಂದಲ್ಲ, ಕಾಯುತ್ತಿರುವ ಜನರಿಂದ. ‘ನೆವರ್‌ಮೈಂಡ್’ ಮಾಡುವಾಗ ನಿರ್ವಾನಾದ ಮೇಲೆ ಆ ಭಾರವಿರಲಿಲ್ಲ, ‘ಇನ್ ಯುಟೆರೋ’ ಮಾಡುವಾಗ ಇತ್ತು. ಆದರೂ ‘ಎರಡನೆಯ’ ಎಂಬ ಪದಕ್ಕೆ ಎರಡು ಎಂಬ ಅರ್ಥವನ್ನು ಉಳಿಸಿಕೊಳ್ಳುವುದೇ ಲೇಸು. ‘ಇನ್ ಯುಟೆರೋ’ವನ್ನು ಖ್ಯಾತಿಯ ಬೆನ್ನಿಗೆ ಬಂದ ಆಲ್ಬಮ್ ಎಂದು ಕರೆದರೆ ಮಾತೂ ಸರಿಹೋಗುತ್ತದೆ, ಇತಿಹಾಸವೂ ಉಳಿಯುತ್ತದೆ.

ಆ ಬರಹಗಾರರಿಗೆ ‘ಕ್ಲಿಷ್ಟ’ ಎಂಬ ಪದವನ್ನೇ ಬಳಸುವ ಆಸೆಯಿದ್ದರೂ ‘ಇನ್ ಯುಟೆರೋ’ ಸಿಯಾಟಲ್‌ನಲ್ಲಿ ಅದಕ್ಕೆ ಮೊದಲ ಹಕ್ಕುದಾರನಲ್ಲ. ಅಲ್ಲಿಯದೇ ಆಲಿಸ್ ಇನ್ ಚೇನ್ಸ್ ತಂಡದ ಎರಡನೆಯ ಆಲ್ಬಮ್, 1992ರ ‘ಡರ್ಟ್’, ಹೆರಾಯಿನ್ ಚಟದ ಒಳಗಿನ ಕತ್ತಲನ್ನು ಹಲವು ಹಾಡುಗಳಲ್ಲಿ ಹಿಡಿದಿಟ್ಟಿದೆ. ಗಾಯಕ ಲೇನ್ ಸ್ಟೇಲಿ 2002ರಲ್ಲಿ ಅದೇ ಚಟಕ್ಕೆ ಬಲಿಯಾದನೆಂಬುದನ್ನು ತಿಳಿದವರಿಗೆ ಅದನ್ನು ಒಂದೇ ಕೂರಿಗೆ ಕೇಳಿ ಮುಗಿಸುವುದು ಸುಲಭವಲ್ಲ. ಅಲ್ಲಿ ಕಷ್ಟ ಕೇಳುವವರದು. ಮಾರಾಟದಲ್ಲಿ ಅದೂ ಸೋಲಲಿಲ್ಲ, ಅಮೆರಿಕದಲ್ಲಿ ಲಕ್ಷಾಂತರ ಪ್ರತಿಗಳು ಮನೆಮನೆಗೆ ಹೋದವು.